ರೆಡ್ ಲಿಸ್ಟ್‌ನಲ್ಲಿರೋ ದೇಶದ ನರ್ಸ್ ಇಂಗ್ಲೆಂಡಿಗೆ ಹೋಗಿದ್ದು ಹೇಗೆ? ವಲಸೆ ಯೂನಿಟ್‌ನ ನನ್ನ ನೋಟ್ಸ್

ಎಂಎ ಸಮಾಜಶಾಸ್ತ್ರದ ವಲಸೆ ಪೇಪರ್‌ಗೆ ಓದ್ತಾ ಇದೀನಿ. ಆಫ್ರಿಕಾದ ಓದಿದ ಜನ ಹೊರದೇಶದಲ್ಲಿ ಕೆಲಸ ಹುಡ್ಕೋವಾಗ ಪಡೋ ಪಾಡು ಅದ್ರಲ್ಲಿ ಒಂದು ಯೂನಿಟ್. ಮೂರು ದಿನ ಒಂದೇ ಜಾಗದಲ್ಲಿ ಸಿಕ್ಕಾಕೊಂಡಿದ್ದೆ, ನಿನ್ನೆ ರಾತ್ರಿ ಇಂಗ್ಲೆಂಡಲ್ಲಿ ನರ್ಸ್ ಆಗಿರೋ ನಮ್ಮಕ್ಕನ ಜೊತೆ ಫೋನಲ್ಲಿ ಮಾತಾಡ್ದಾಗ ಗಂಟು ಬಿಚ್ಕೊಳ್ತು. ಮರ್ತೋಗೋ ಮುಂಚೆ ಬರೆದಿಡ್ತೀನಿ, ಇದೇ ಪೇಪರ್ ಓದ್ತಿರೋರಿಗೂ ಆಗುತ್ತೆ. ಪ್ರತಿಭಾ ಪಲಾಯನ (ಓದಿದೋರು ದೇಶ ಬಿಟ್ಟು ಹೋಗೋದು), ಪುಶ್ (ತವರಿಂದ ತಳ್ಳೋ ಕಾರಣ), ಪುಲ್ (ಹೊರದೇಶಕ್ಕೆ ಸೆಳೆಯೋ ಕಾರಣ) ಇವೆಲ್ಲ ನಿಮಗೆ ಗೊತ್ತಿರೋದೇ, ಬಿಡ್ತೀನಿ.

ಯಾಕೆ ಹೊರಡ್ತಾರೆ

ಇದನ್ನ ಬೇಗ ಮುಗಿಸ್ತೀನಿ. ನೈಜೀರಿಯಾದಲ್ಲಿ ಇದಕ್ಕೆ 'ಜಾಪಾ' ಅಂತಾರೆ, ಯೊರುಬಾ ಪದ, ನಾವು ಕಾಲಿಗೆ ಬುದ್ಧಿ ಹೇಳೋದು ಅಂತೀವಲ್ಲ ಹೆಚ್ಚುಕಮ್ಮಿ ಅದೇ. 2001ರಲ್ಲಿ ಆಫ್ರಿಕಾದ ನಾಯಕರು ಅಬುಜಾದಲ್ಲಿ ಸೇರಿ ಬಜೆಟ್‌ನ ಕನಿಷ್ಠ 15% ಆರೋಗ್ಯಕ್ಕೆ ಇಡ್ತೀವಿ ಅಂತ ಒಪ್ಕೊಂಡ್ರು, ಸಭೆ ನಡೆಸಿದ ನೈಜೀರಿಯಾನೇ ಆ ಮಟ್ಟ ಮುಟ್ಟಿಲ್ಲ. ಸರ್ಕಾರಿ ಆಸ್ಪತ್ರೆಯ ರೆಸಿಡೆಂಟ್ ಡಾಕ್ಟರುಗಳು ಬಾಕಿ ಸಂಬಳಕ್ಕೆ ಮತ್ತೆ ಮತ್ತೆ ಮುಷ್ಕರ ಕೂತಿದ್ದಾರೆ. ಜಿಂಬಾಬ್ವೆಯಲ್ಲಿ 2008ರ ಹಣದುಬ್ಬರದಲ್ಲಿ ಮೇಷ್ಟ್ರ ತಿಂಗಳ ಸಂಬಳ ಬಸ್ ಚಾರ್ಜಿಗೂ ಸಾಲ್ತಿರ್ಲಿಲ್ಲ. ಹೊರಡದೆ ಏನ್ ಮಾಡ್ತಾರೆ.

ನನ್ನ ಗಂಟು: ರೆಡ್ ಲಿಸ್ಟ್

ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಂದು ಸಂಹಿತೆ ತಂತು: ಡಾಕ್ಟರ್, ನರ್ಸ್ ಕೊರತೆ ಇರೋ ದೇಶದಿಂದ ಶ್ರೀಮಂತ ದೇಶಗಳು ಜನರನ್ನ ಸೆಳ್ಕೋಬಾರ್ದು ಅಂತ. ಆಮೇಲೆ ಕೊರತೆ ಇರೋ ದೇಶಗಳ ಪಟ್ಟಿ ಬಂತು, 2023ರ ಪಟ್ಟಿಯಲ್ಲಿ 55 ದೇಶ, ಅದ್ರಲ್ಲಿ 37 ಸಂಸ್ಥೆಯ ಆಫ್ರಿಕಾ ವಲಯದ್ದು. ನೈಜೀರಿಯಾ, ಘಾನಾ ಮೊದಲೇ ಇದ್ವು, ಜಿಂಬಾಬ್ವೆ, ಜಾಂಬಿಯಾ, ರುವಾಂಡಾ 2023ರಲ್ಲಿ ಸೇರಿದ್ವು. ಬ್ರಿಟನ್ ಇದೇ ಪಟ್ಟಿ ಇಟ್ಕೊಂಡು ತನ್ನ ರೆಡ್ ಲಿಸ್ಟ್ ಮಾಡ್ಕೊಂಡಿದೆ.

ನಾನು ಎಡವಿದ್ದು ಇಲ್ಲೇ. ರೆಡ್ ಲಿಸ್ಟ್ ಅಂದ್ರೆ ಆ ದೇಶದ ನರ್ಸ್ ಬರಂಗಿಲ್ಲ ಅಂತ ನಾನು ಓದ್ಕೊಂಡಿದ್ದೆ. ಹಂಗಾದ್ರೆ ಬ್ರಿಟನ್ನಿಗೆ ಹೋಗೋ ವಿದೇಶಿ ನರ್ಸುಗಳಲ್ಲಿ ನೈಜೀರಿಯಾ, ಘಾನಾ, ಜಿಂಬಾಬ್ವೆ ಹೆಸರು ಯಾಕೆ ಅಷ್ಟು ಮೇಲಿರುತ್ತೆ? ಪಟ್ಟಿ ಸುಳ್ಳಾ, ಕಳ್ಳದಾರೀಲಿ ಹೋಗ್ತಾರಾ, ಪುಸ್ತಕದಲ್ಲಿ ತಪ್ಪಾ ಅಂತ ಒದ್ದಾಡ್ದೆ.

ಉತ್ತರ ಇರೋದು 'ಸಕ್ರಿಯ ನೇಮಕಾತಿ' ಅನ್ನೋ ಎರಡು ಪದದಲ್ಲಿ. ನಿಷೇಧ ಇರೋದು ನರ್ಸ್ ಮೇಲಲ್ಲ, ಆಸ್ಪತ್ರೆ ಮತ್ತೆ ಏಜೆನ್ಸಿ ಮೇಲೆ. ಅವ್ರು ನೈಜೀರಿಯಾದ ಲಾಗೋಸ್ ನಗರಕ್ಕೆ ಹೋಗಿ ಹೋಟೆಲಲ್ಲಿ ಇಂಟರ್ವ್ಯೂ ಇಟ್ಟು ಜನರನ್ನ ಆರಿಸ್ಕೊಂಡು ಬರಂಗಿಲ್ಲ, ಆ ದೇಶದವರನ್ನ ಕರೀತಾ ಜಾಹೀರಾತು ಹಾಕಂಗಿಲ್ಲ. ಆದ್ರೆ ಲಾಗೋಸಲ್ಲಿ ಕೂತಿರೋ ನರ್ಸ್ ತಾನಾಗೇ ಖಾಲಿ ಹುದ್ದೆ ಹುಡ್ಕಿ ಆಸ್ಪತ್ರೆಗೆ ನೇರ ಅರ್ಜಿ ಹಾಕಿದ್ರೆ ತಗೋಬಹುದು. ನಾನು ನೆನಪಿಟ್ಕೊಂಡಿದ್ದು ಹಿಂಗೆ: ಗಂಡಿನ ಕಡೆಯವ್ರು ಆ ಊರಿಗೆ ಬ್ರೋಕರ್ ಕಳ್ಸಂಗಿಲ್ಲ, ಹೆಣ್ಣಿನ ಕಡೆಯವ್ರೇ ಜಾತಕ ಕಳ್ಸಿದ್ರೆ ನೋಡಬಹುದು. ಇನ್ನೊಂದ್ಸಲ ಹೇಳ್ತೀನಿ, ಪರೀಕ್ಷೇಲಿ ತಪ್ಪು ಬರೀಬೇಡಿ: ಕೆಂಪು ಗೆರೆ ಇರೋದು ಕರೆಯೋರ ಕಾಲಿನ ಮುಂದೆ, ಹೊರಟೋರ ಕಾಲಿನ ಮುಂದೆ ಅಲ್ಲ.

ಇದ್ರಿಂದ ಏನಾಗುತ್ತೆ ಅನ್ನೋದು ಅಕ್ಕ ಹೇಳ್ದಾಗ್ಲೇ ನಂಗೆ ಹೊಳ್ದಿದ್ದು. ಅಕ್ಕ ಹಾಸನದಲ್ಲಿ ನರ್ಸಿಂಗ್ ಮಾಡಿದೋಳು, ಭಾರತ ರೆಡ್ ಲಿಸ್ಟಲ್ಲಿ ಇಲ್ಲ, ಹಂಗಾಗಿ ಏಜೆನ್ಸಿ ಮೂಲಕ ಆಯ್ಕೆ ಆದ್ಲು, ವಿಮಾನದ ಟಿಕೆಟ್, ವೀಸಾ ಫೀಸು, ಮೊದಲ ತಿಂಗಳ ರೂಮು ಎಲ್ಲ ಆಸ್ಪತ್ರೆದೇ, ವಿಮಾನ ನಿಲ್ದಾಣಕ್ಕೆ ಗಾಡಿನೂ ಬಂದಿತ್ತು. ಅವಳ ರೂಮ್‌ಮೇಟ್ ನೈಜೀರಿಯಾದ ಇಬಾದಾನ್ ಊರಿನೋರು, ಎಂಟು ವರ್ಷ ವಾರ್ಡ್ ಅನುಭವ, ಅಕ್ಕನಿಗಿಂತ ಜಾಸ್ತಿ. ಅವ್ರಿಗೆ ಏಜೆನ್ಸಿ ಇಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದು ಕರೆಂಟ್ ಇದ್ದಷ್ಟು ಹೊತ್ತು ಕೂತು ಒಂದೊಂದು ಆಸ್ಪತ್ರೆಗೂ ಬೇರೆ ಬೇರೆ ಅರ್ಜಿ ಬರೆದು, ನಲವತ್ತಕ್ಕೂ ಹೆಚ್ಚು ಕಡೆ ಇಲ್ಲ ಅನ್ಸ್ಕೊಂಡು, ಇದ್ದ ಕಾರು ಮಾರಿ ಟಿಕೆಟ್ಟಿಗೂ ವೀಸಾಗೂ ದುಡ್ಡು ಹೊಂದಿಸಿದ್ರಂತೆ. ಒಂದೇ ಅಡುಗೆಮನೆ, ಒಂದೇ ವಾರ್ಡ್, ಒಬ್ಬಳಿಗೆ ಸಾಲ ಇಲ್ಲ, ಇನ್ನೊಬ್ರಿಗೆ ಕುತ್ತಿಗೆ ತನಕ. ನೇರ ಅರ್ಜಿ ಹಾಕಿ ಬಂದೋರಿಗೆ ನೆರವಾಗೋ ಆಸ್ಪತ್ರೆ ಇಲ್ಲ ಅಂತಲ್ಲ, ಆದ್ರೆ ಮನೆ ಬಿಡೋ ತನಕದ ಖರ್ಚು ಸಾಮಾನ್ಯವಾಗಿ ಅವ್ರದ್ದೇ. ಪಟ್ಟಿ ಮಾಡಿದ್ದು ಬಡ ದೇಶದ ಆಸ್ಪತ್ರೆ ಉಳಿಸೋಕೆ, ಆ ಉದ್ದೇಶಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಆದ್ರೆ ಹೊರಡೋ ಒಬ್ಬ ವ್ಯಕ್ತಿ ಲೆಕ್ಕದಲ್ಲಿ ಅದು ಖರ್ಚನ್ನ ಮಾಲೀಕನ ಹೆಗಲಿಂದ ಇಳಿಸಿ ನರ್ಸ್ ಹೆಗಲ ಮೇಲೆ ಇಡುತ್ತೆ. ಪ್ರಬಂಧದ ಪ್ರಶ್ನೆ ಬಂದ್ರೆ ನಾನು ಇದನ್ನೇ ಬರೆಯೋದು.

ಇಂಗ್ಲಿಷ್ ಪರೀಕ್ಷೆ, ಆಮೇಲೆ ಓಸ್ಕಿ

ನೈಜೀರಿಯಾದಲ್ಲಿ ನರ್ಸಿಂಗ್ ಓದೋದು ಇಂಗ್ಲಿಷಲ್ಲೇ. ಆದ್ರೂ ಬ್ರಿಟನ್ ವೀಸಾದ 'ಇಂಗ್ಲಿಷ್ ಬಹುಸಂಖ್ಯಾತ ದೇಶ'ಗಳ ಪಟ್ಟಿಯಲ್ಲಿ ಆಫ್ರಿಕಾದ ಒಂದು ದೇಶನೂ ಇಲ್ಲ, ಜಮೈಕಾ ಇದೆ, ಮಾಲ್ಟಾ ಇದೆ. ಹಂಗಾಗಿ ಬಹಳಷ್ಟು ಜನ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಬರೀತಾರೆ. ನರ್ಸಿಗೆ ಓದು, ಕೇಳು, ಮಾತು ಮೂರರಲ್ಲೂ 7, ಬರವಣಿಗೇಲಿ 6.5 ಬೇಕು. ಫಲಿತಾಂಶ 2 ವರ್ಷ ಮಾತ್ರ ಊರ್ಜಿತ, ಈ 2 ನೆನಪಿಟ್ಕೊಳ್ಳಿ, ಕೊನೇಲಿ ಬೇಕಾಗುತ್ತೆ.

ಓಸ್ಕಿ ಅಂದ್ರೆ ಪ್ರಾಯೋಗಿಕ ಪರೀಕ್ಷೆ, 10 ಸ್ಟೇಷನ್, ನಡೆಯೋದು ಬ್ರಿಟನ್ನಲ್ಲೇ. ಮಾಡೋದಷ್ಟೇ ಅಲ್ಲ, ಮಾಡ್ತಾ ಬಾಯ್ಬಿಟ್ಟು ಹೇಳ್ಬೇಕು. ಇಬಾದಾನಿನ ಅವ್ರು ಅಡುಗೆಮನೆ ಟೇಬಲ್ ಮೇಲೆ ದಿಂಬು ಮಲಗಿಸಿ 'ನಮಸ್ಕಾರ, ನಿಮ್ಮ ಹೆಸರು, ಹುಟ್ಟಿದ ದಿನ ಹೇಳ್ತೀರಾ, ಏನಾದ್ರೂ ಅಲರ್ಜಿ ಇದೆಯಾ' ಅಂತ ಇಂಗ್ಲಿಷಲ್ಲಿ ದಿಂಬನ್ನ ಕೇಳ್ತಾ ಇರ್ತಿದ್ರಂತೆ, ಅಕ್ಕ ದಿಂಬಿನ ಪರವಾಗಿ ಉತ್ತರ ಕೊಡ್ತಾ ಇದ್ಲು. ಪಾಸಾಗಿ ನೋಂದಣಿ ನಂಬರ್ ಬರೋ ತನಕ ಅವ್ರು ಲೆಕ್ಕಕ್ಕೆ ಬ್ಯಾಂಡ್ 3, ಅಂದ್ರೆ ಸಹಾಯಕರ ಸಂಬಳ, ನಂಬರ್ ಬಂದ್ಮೇಲೆ ಬ್ಯಾಂಡ್ 5, ಅಂದ್ರೆ ನರ್ಸ್ ಸಂಬಳ. ಎಂಟು ವರ್ಷ ಇಂಜೆಕ್ಷನ್ ಕೊಟ್ಟ ಕೈ ಅಲ್ಲಿವರೆಗೆ ಒಬ್ಬಂಟಿಯಾಗಿ ಒಂದು ಮಾತ್ರೆನೂ ಕೊಡಂಗಿಲ್ಲ.

ದುಡ್ಡಿನ ಲೆಕ್ಕಕ್ಕೆ ನನ್ನ ಶಾರ್ಟ್‌ಕಟ್

ಪೌಂಡನ್ನ ರೂಪಾಯಿಗೆ ತಿರುಗಿಸಿ ನೋಡಬೇಡಿ, ಏನೂ ಗೊತ್ತಾಗಲ್ಲ. ನೈಜೀರಿಯಾದ ಕನಿಷ್ಠ ವೇತನದ ತಿಂಗಳುಗಳಿಗೆ ತಿರುಗಿಸಿ. ಓಸ್ಕಿ ಫೀಸು 794 ಪೌಂಡ್. 2023ರ ಜೂನ್‌ಗೆ ಮುಂಚೆ ಅಧಿಕೃತ ದರದಲ್ಲಿ ಪೌಂಡಿಗೆ ಸುಮಾರು 575 ನೈರಾ (ನೈಜೀರಿಯಾದ ದುಡ್ಡು), ಅಂದ್ರೆ 4.5 ಲಕ್ಷ ನೈರಾ ಆಸುಪಾಸು. ಕನಿಷ್ಠ ವೇತನ ತಿಂಗಳಿಗೆ 30,000 ನೈರಾ. ಭಾಗಿಸಿದ್ರೆ 15 ತಿಂಗಳು. ಆ ಜೂನಲ್ಲಿ ಸರ್ಕಾರ ನೈರಾ ದರವನ್ನ ಮಾರುಕಟ್ಟೆಗೆ ಬಿಡ್ತು, 2024ರ ಶುರುವಿನಲ್ಲಿ ಪೌಂಡ್ 1,900ರ ಹತ್ರ ಹೋಯ್ತು, ಫೀಸು 15 ಲಕ್ಷ ನೈರಾ ಆಯ್ತು, ವೇತನ ಇನ್ನೂ ಅದೇ 30,000. ಆಗ 50 ತಿಂಗಳು! ಪರೀಕ್ಷೆ ಅದೇ, ದಿಂಬೂ ಅದೇ, ಒಂದು ವರ್ಷ ಕಳೆಯೋದ್ರೊಳಗೆ 15 ಇದ್ದಿದ್ದು 50. 2024ರ ಜುಲೈಲಿ ಕನಿಷ್ಠ ವೇತನ 70,000 ಮಾಡಿದ್ರು, ಆಗ 22 ತಿಂಗಳ ಹತ್ರ ಇಳೀತು. ನರ್ಸ್ ಸಂಬಳ ಕನಿಷ್ಠ ವೇತನಕ್ಕಿಂತ ಮೇಲಿರುತ್ತೆ, ಸರಿ, ಇದು ಬರೀ ಅಳತೆಗೋಲು. ಆದ್ರೆ ಈ ಕೋಲು ಹಿಡಿದು ಅಳೆದ್ಮೇಲೇನೇ ಕಾರು ಯಾಕೆ ಮಾರಿದ್ರು ಅಂತ ನಂಗೆ ಅರ್ಥ ಆಗಿದ್ದು.

ವೀ, ಲೈ, ಕೆ

ವೀಸಾ, ಲೈಸೆನ್ಸ್, ಕೆಲಸ. ಮೂರಕ್ಕೂ ಬಾಗಿಲು ಬೇರೆ, ಕಾವಲುಗಾರರೂ ಬೇರೆ. ಯಾವ ಕೇಸ್ ಕೊಟ್ರೂ ಯಾವ ಬಾಗಿಲಲ್ಲಿ ಸಿಕ್ಕಾಕೊಂಡ್ರು ಅಂತ ಕೇಳ್ಕೊಳ್ಳಿ. ಕೆನಡಾ ಒಳ್ಳೇ ಉದಾಹರಣೆ: ವಲಸೆ ಇಲಾಖೆ ಪದವಿಗೆ ಪಾಯಿಂಟ್ ಕೊಟ್ಟು ಒಳಗೆ ಬಿಡುತ್ತೆ, ಆದ್ರೆ ಡಾಕ್ಟರ್, ಇಂಜಿನಿಯರ್ ಲೈಸೆನ್ಸ್ ಕೊಡೋದು ಪ್ರಾಂತ್ಯಗಳ ವೃತ್ತಿ ಮಂಡಳಿ, ಅವ್ರಿಗೆ ಆ ಪಾಯಿಂಟ್ ಲೆಕ್ಕಕ್ಕಿಲ್ಲ. ಮೂರನೇ ಬಾಗಿಲಲ್ಲಿ ಮಾಲೀಕ 'ಕೆನಡಾ ಅನುಭವ' ಕೇಳ್ತಾನೆ. ಹುಚ್ಚು ಬಿಡದೆ ಮದ್ವೆ ಆಗಲ್ಲ, ಮದ್ವೆ ಆಗದೆ ಹುಚ್ಚು ಬಿಡಲ್ಲ ಅಂತಾರಲ್ಲ, ಅದೇ. ಒಂಟಾರಿಯೊ ಮಾನವ ಹಕ್ಕು ಆಯೋಗ 2013ರಲ್ಲೇ ಇದು ಮೇಲ್ನೋಟಕ್ಕೇ ತಾರತಮ್ಯ ಅಂತು, ಆ ಪ್ರಾಂತ್ಯದ ಇಂಜಿನಿಯರುಗಳ ಮಂಡಳಿ ಆ ಷರತ್ತು ಕೈಬಿಟ್ಟಿದ್ದು 2023ರಲ್ಲಿ. ಹತ್ತು ವರ್ಷ!

ಮೊದಲ ಬಾಗಿಲು ದಾಟಿ ಎರಡನೇದ್ರಲ್ಲಿ ನಿಂತೋರಿಗೆ ಆಗೋದೇ ಕೌಶಲ ಕುಸಿತ, ಅಂದ್ರೆ ಓದಿಗಿಂತ ಕೆಳಗಿನ ಕೆಲಸ ಮಾಡ್ಬೇಕಾಗೋದು. 2000ದ ನಂತ್ರ ಬ್ರಿಟನ್ನಿಗೆ ಬಂದ ಜಿಂಬಾಬ್ವೆಯ ಮೇಷ್ಟ್ರುಗಳು, ಬ್ಯಾಂಕಿನೋರು ವೃದ್ಧಾಶ್ರಮದಲ್ಲಿ ಮುದುಕರ ಮೈ ತೊಳೆಯೋ ಕೆಲಸಕ್ಕೆ ಸೇರಿ, ಅದಕ್ಕೆ ತಮ್ಮತಮ್ಮಲ್ಲೇ 'ಬಿಬಿಸಿ' ಅಂತ ಹೆಸರಿಟ್ಕೊಂಡಿದ್ರು, 'ಬ್ರಿಟಿಷ್ ಬಾಟಮ್ ಕ್ಲೀನರ್ಸ್' ಅಂತ. ಇಂಗ್ಲೆಂಡ್ ವಿದೇಶಿ ಮೇಷ್ಟ್ರ ಅರ್ಹತೆಗೆ ಜಿಂಬಾಬ್ವೆ, ನೈಜೀರಿಯಾ, ಘಾನಾ, ಭಾರತಕ್ಕೆಲ್ಲ ದಾರಿ ತೆಗೆದಿದ್ದು 2023ರಲ್ಲಿ, ಅದೂ ಗಣಿತ, ವಿಜ್ಞಾನ, ಭಾಷೆ ಕಲಿಸೋರಿಗೆ ಮಾತ್ರ.

ಬ್ರಿಟನ್ನಿನ ಕೇರ್ ವರ್ಕರ್ ವೀಸಾದ (ಇಂಥ ಆರೈಕೆ ಕೆಲಸಕ್ಕೆ ಕೊಡ್ತಿದ್ದ ವೀಸಾ) ಮೂರು ತಾರೀಖು ಬಾಯಿಪಾಠ ಮಾಡ್ಕೊಳ್ಳಿ: 2022 ಫೆಬ್ರವರಿ ತೆರೀತು, 2024 ಮಾರ್ಚ್ ಹೆಂಡ್ತಿ ಗಂಡ ಮಕ್ಕಳನ್ನ ಕರ್ಕೊಂಡು ಬರೋದು ನಿಂತ್ಹೋಯ್ತು, 2025 ಜುಲೈ ಹೊರದೇಶದಿಂದ ಹೊಸಬರನ್ನ ತಗೊಳ್ಳೋದೇ ಬಂದ್. ವೀಸಾ ಮಾಲೀಕನಿಗೆ ಕಟ್ಟಿರುತ್ತೆ. ಹೊರದೇಶದವರನ್ನ ಕರೆಸ್ಕೊಳ್ಳೋಕೆ ಕಂಪನಿಗೆ ಇರೋ ಲೈಸೆನ್ಸ್ ರದ್ದಾದ್ರೆ ಕೆಲಸಗಾರರಿಗೆ ಸಾಮಾನ್ಯವಾಗಿ 60 ದಿನ, ಅಷ್ಟ್ರಲ್ಲಿ ಬೇರೆ ಪ್ರಾಯೋಜಕ ಸಿಗ್ಬೇಕು, ಇಲ್ಲಾಂದ್ರೆ ವಾಪಸ್. ತಪ್ಪು ಮಾಡಿದ್ದು ಕಂಪನಿ, ಗಡುವು ಓಡೋದು ಸಾಲ ಮಾಡ್ಕೊಂಡು ಬಂದೋರ ಮೇಲೆ.

ನಾಲ್ಕನೇ ಬಾಗಿಲು ತವರಲ್ಲೇ

ಇದನ್ನ ಪುಸ್ತಕದಲ್ಲಿ ಒಂದೇ ಸಾಲಲ್ಲಿ ಮುಗ್ಸಿದ್ದಾರೆ. ಹೊರದೇಶದ ಮಂಡಳಿ 'ಇವ್ರು ನಿಮ್ಮ ನರ್ಸ್ ಹೌದಾ' ಅಂತ ತವರಿನ ಮಂಡಳಿಯನ್ನ ಕೇಳುತ್ತೆ, ಆ ದೃಢೀಕರಣ ಹೋಗದೆ ಅರ್ಜಿ ಮುಂದಕ್ಕೆ ಸರಿಯಲ್ಲ. 2024ರ ಫೆಬ್ರವರೀಲಿ ನೈಜೀರಿಯಾದ ನರ್ಸಿಂಗ್ ಮಂಡಳಿ ಲೈಸೆನ್ಸ್ ಬಂದ್ಮೇಲೆ 2 ವರ್ಷ ಕೆಲಸ ಮಾಡಿರದಿದ್ರೆ ದೃಢೀಕರಣ ಇಲ್ಲ ಅಂತ ನಿಯಮ ತಂತು, ಅಬುಜಾ, ಲಾಗೋಸಿನ ಕಚೇರಿ ಮುಂದೆ ನರ್ಸುಗಳು ಪ್ರತಿಭಟನೆ ಮಾಡಿದ್ರು. ಈಗ ಮೇಲೆ ಹೇಳಿದ 2 ತಗೊಳ್ಳಿ. ಇಬಾದಾನಿನ ಅವ್ರ ತಂಗಿ ನರ್ಸಿಂಗ್ ಮುಗಿಸಿ, ಲೈಸೆನ್ಸ್ ತಗೊಂಡು, ಅದೇ ತಿಂಗಳು ಐಇಎಲ್‌ಟಿಎಸ್ ಬರೆದು ಓದಲ್ಲಿ 7.5, ಬರವಣಿಗೇಲಿ 7 ತಗೊಂಡಿದ್ರು. ಆಮೇಲೆ ಈ ನಿಯಮ ಬಂತು. 2 ವರ್ಷ ಕಾದು ದೃಢೀಕರಣ ಕೇಳೋ ಹೊತ್ತಿಗೆ ಆ ಅಂಕಪಟ್ಟಿ ಅವಧಿ ಮುಗಿದಿರುತ್ತೆ. ಮತ್ತೆ ಫೀಸು ಕಟ್ಟಿ ಮತ್ತೆ ಬರೀಬೇಕು. ಅಕ್ಕನ ರೂಮ್‌ಮೇಟ್ ಬ್ಯಾಂಡ್ 5 ಸಂಬಳದಲ್ಲಿ ಈಗ ಅದಕ್ಕೆ ದುಡ್ಡು ಎತ್ತಿಡ್ತಾ ಇದ್ದಾರಂತೆ.