ಸ್ಕ್ಯಾನರ್‌ನಲ್ಲಿ ಪಿ0405 ಬಂದರೆ ಇಜಿಆರ್ ವಾಲ್ವನ್ನೇ ಬದಲಿಸಬೇಕೇ?

ಪ್ರಶ್ನೆ: ನನ್ನ ಡೀಸೆಲ್ ಕಾರಿನ ಚೆಕ್ ಎಂಜಿನ್ ದೀಪ ಆರುತ್ತಿಲ್ಲ, ಪಿಕಪ್ ಕೂಡ ಕುಗ್ಗಿದೆ. ಸ್ಕ್ಯಾನರ್ ಪಿ0405 ತೋರಿಸಿತು. ವಾಲ್ವ್ ಹೊಸದು ಹಾಕಬೇಕೆಂದು ಗ್ಯಾರೇಜಿನವರು ಹೇಳುತ್ತಾರೆ. ಅದು ಅನಿವಾರ್ಯವೇ?

ಉತ್ತರ: ವೋಲ್ಟೇಜ್ ಅಳೆದು ನೋಡುವವರೆಗೆ ದಯವಿಟ್ಟು ಒಪ್ಪಬೇಡಿ. ಸುಟ್ಟ ಹೊಗೆಯ ಒಂದು ಪಾಲನ್ನು ಸಿಲಿಂಡರಿಗೆ ಮರಳಿಸಿ, ದಹನದ ಶಾಖವನ್ನೂ ಆ ಮೂಲಕ ನೈಟ್ರೋಜನ್ ಆಕ್ಸೈಡುಗಳನ್ನೂ ತಗ್ಗಿಸುವುದು ಇಜಿಆರ್ (ಹೊಗೆ ಮರುಬಳಕೆ) ವಾಲ್ವಿನ ಕೆಲಸ. ಅದು ಎಷ್ಟು ತೆರೆದಿದೆ ಎಂಬುದನ್ನು ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ, ಅಂದರೆ ಇಸಿಯುಗೆ ತಿಳಿಸುವುದು ಸೆನ್ಸರ್. ಆ ಸಂಕೇತದ ವೋಲ್ಟೇಜ್ ತೀರಾ ಕಡಿಮೆಯಾದಾಗ ಪಿ0405, ತೀರಾ ಹೆಚ್ಚಾದಾಗ ಪಿ0406 ದಾಖಲಾಗುತ್ತದೆ. ದೋಷ ಸೆನ್ಸರಿನಲ್ಲಿದೆಯೋ ವೈರಿನಲ್ಲಿದೆಯೋ ಎಂಬುದನ್ನು ಕೋಡ್ ಹೇಳುವುದಿಲ್ಲ.

ಮೊದಲು ವಾಲ್ವಿನ ಕನೆಕ್ಟರ್ ಬಿಚ್ಚಿ ಒಳಗೆ ನೋಡಿ. ಪಿನ್ನುಗಳ ಮೇಲೆ ಹಸಿರು ಕಿಲುಬು, ಎಣ್ಣೆಯ ಪಸೆ ಅಥವಾ ಇಲಿ ಕಡಿದ ವೈರು ಕಂಡರೆ ಅರ್ಧ ಉತ್ತರ ಅಲ್ಲೇ ಸಿಕ್ಕಂತೆ. ವಿದ್ಯುತ್ ಮೋಟರಿನ ವಾಲ್ವುಗಳಲ್ಲಿ ಸಾಮಾನ್ಯವಾಗಿ ಐದು ಪಿನ್ನುಗಳಿದ್ದು, ಎರಡು ಮೋಟರಿಗೆ, ಮೂರು ಸೆನ್ಸರಿಗೆ ಸೇರಿರುತ್ತವೆ. ಯಾವುದು ಯಾವುದೆಂಬುದನ್ನು ನಿಮ್ಮ ಕಾರಿನ ವೈರಿಂಗ್ ನಕ್ಷೆಯಲ್ಲೇ ನೋಡಿಕೊಳ್ಳಬೇಕು. ಎಂಜಿನ್ ಶುರು ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಬಿಚ್ಚಿದ ಕನೆಕ್ಟರಿನ ವೈರಿಂಗ್ ಬದಿಯಲ್ಲಿ ಪೂರೈಕೆ ಪಿನ್ನಿಗೂ ಗ್ರೌಂಡ್ ಪಿನ್ನಿಗೂ ಮಲ್ಟಿಮೀಟರ್ ಹಿಡಿದರೆ ಸುಮಾರು 5 ವೋಲ್ಟ್ ತೋರಿಸಬೇಕು. ತೋರಿಸದಿದ್ದರೆ ಹೊಸ ವಾಲ್ವ್ ಹಾಕಿದರೂ ದೀಪ ಮತ್ತೆ ಹತ್ತುತ್ತದೆ, ಏಕೆಂದರೆ ತೊಂದರೆ ವೈರಿನಲ್ಲೋ ಇಸಿಯು ಕಡೆಯಲ್ಲೋ ಇದೆ.

5 ವೋಲ್ಟ್ ಸರಿಯಾಗಿದ್ದರೆ ಕನೆಕ್ಟರ್ ಮರಳಿ ಜೋಡಿಸಿ, ಹಿಂಬದಿಯಿಂದ ಸಂಕೇತದ ವೈರನ್ನು ಅಳೆಯಿರಿ. ವಾಲ್ವ್ ಮುಚ್ಚಿರುವಾಗ ಅನೇಕ ಕಾರುಗಳಲ್ಲಿ ಅದು 0.5ರಿಂದ 1 ವೋಲ್ಟಿನ ಆಸುಪಾಸಿನಲ್ಲಿರುತ್ತದೆ, ತೆರೆದಂತೆ ಏರುತ್ತದೆ. ಮೀಟರ್ ಹಿಡಿದಿರುವಾಗಲೇ ವೈರಿನ ಕಟ್ಟನ್ನು ಮೆಲ್ಲಗೆ ಅಲುಗಾಡಿಸಿ: ಅಂಕಿ ಒಮ್ಮೆಲೇ ಸೊನ್ನೆಗೆ ಜಾರಿ ಮತ್ತೆ ಮೇಲೇರಿದರೆ, ಬೇಕಿರುವುದು ವೈರಿನ ರಿಪೇರಿ ಮಾತ್ರ. ಪೂರೈಕೆಯೂ ವೈರುಗಳೂ ನೆಟ್ಟಗಿದ್ದು ಸಂಕೇತ ಮಾತ್ರ ಸೊನ್ನೆಯಲ್ಲೇ ನಿಂತಿದ್ದರೆ ಸೆನ್ಸರ್ ಕೆಟ್ಟಿದೆ. ಬಹಳಷ್ಟು ವಾಲ್ವುಗಳಲ್ಲಿ ಅದು ಬೇರೆಯಾಗಿ ಸಿಗುವುದಿಲ್ಲ; ಆಗ ಗ್ಯಾರೇಜಿನವರ ಮಾತು ಸರಿಯೇ.

ಮಸಿ ಕಟ್ಟಿಕೊಂಡ ವಾಲ್ವ್ ಬೇರೆಯದೇ ತೊಂದರೆ. ಅಲ್ಲಿ ಸಾಮಾನ್ಯವಾಗಿ ಪಿ0401 ಅಥವಾ ಪಿ0404 ಬರುತ್ತದೆ, ಶುಚಿಗೊಳಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಕೊಳವೆಗೆ ತಗಡು ಹಾಕಿ ಇಜಿಆರ್ ಮುಚ್ಚಿಬಿಡುವ ಸಲಹೆಯನ್ನಂತೂ ಕೇಳಬೇಡಿ: ಹೊಗೆಯ ವಿಷ ಹೆಚ್ಚುತ್ತದೆ, ಸೆನ್ಸರಿನ ವೈರು ತುಂಡಾಗಿದ್ದರೆ ಅದು ತುಂಡಾಗಿಯೇ ಉಳಿಯುತ್ತದೆ.