ನೀತಿಯ ಆಯುಷ್ಯ, ಆವಿಷ್ಕಾರದ ತಾಳ್ಮೆ

ಅಮೆರಿಕದಲ್ಲಿ 1960ರಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ ಜನರಿಗೆ ಹೀಗೊಂದು ಪ್ರಶ್ನೆ ಕೇಳಲಾಗಿತ್ತು: ನಿಮ್ಮ ಮಗನೋ ಮಗಳೋ ಎದುರು ಪಕ್ಷದ ಬೆಂಬಲಿಗರನ್ನು ಮದುವೆಯಾದರೆ ನಿಮಗೆ ಬೇಸರವಾಗುತ್ತದೆಯೇ? ಹೌದು ಎಂದವರು ಶೇ. 5ರ ಆಸುಪಾಸಿನಲ್ಲಿದ್ದರು. ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು 2010ರಲ್ಲಿ ಕೇಳಿದಾಗ ರಿಪಬ್ಲಿಕನ್ ಬೆಂಬಲಿಗರಲ್ಲಿ ಸುಮಾರು ಅರ್ಧದಷ್ಟು, ಡೆಮಾಕ್ರಟಿಕ್ ಬೆಂಬಲಿಗರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನ ಹೌದು ಎಂದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಾಜಕೀಯ ವಿಜ್ಞಾನಿ ಶಾಂತೋ ಅಯ್ಯಂಗಾರ್ ಮತ್ತು ಅವರ ಸಹೋದ್ಯೋಗಿಗಳು ಈ ಎರಡು ಸಮೀಕ್ಷೆಗಳನ್ನು ಪಕ್ಕಪಕ್ಕದಲ್ಲಿಟ್ಟು, ತೆರಿಗೆ ಎಷ್ಟಿರಬೇಕು, ಶಾಲೆಗಳನ್ನು ಯಾರು ನಡೆಸಬೇಕು ಎಂಬಂಥ ವಿಷಯಗಳ ಭಿನ್ನಾಭಿಪ್ರಾಯಕ್ಕಿಂತ ಎದುರು ಪಾಳೆಯದ ಮನುಷ್ಯರ ಮೇಲಿನ ಅಸಹನೆಯೇ ವೇಗವಾಗಿ ಬೆಳೆದಿದೆ ಎಂದು ತೋರಿಸಿದರು. ಆ ಅಸಹನೆಯ ಬಹುಪಾಲು ಕಲ್ಪನೆಯ ಮೇಲೆ ನಿಂತಿದೆ. ಡಗ್ಲಸ್ ಆಹ್ಲರ್ ಮತ್ತು ಗೌರವ್ ಸೂದ್ ನಡೆಸಿದ ಅಧ್ಯಯನದಲ್ಲಿ, ವರ್ಷಕ್ಕೆ 2,50,000 ಡಾಲರಿಗಿಂತ ಹೆಚ್ಚು ಗಳಿಸುವವರು ರಿಪಬ್ಲಿಕನ್ನರಲ್ಲಿ ಎಷ್ಟಿರಬಹುದು ಎಂದು ಕೇಳಿದಾಗ ಜನ ಹೇಳಿದ ಸರಾಸರಿ ಅಂದಾಜು ಶೇ. 38. ನಿಜವಾದ ಪ್ರಮಾಣ ಶೇ. 2.

ಗುಂಪು ಕಟ್ಟಿಕೊಂಡು ಎದುರು ಗುಂಪನ್ನು ದೂರವಿಡುವ ಪ್ರವೃತ್ತಿ ಎಷ್ಟು ಸುಲಭವಾಗಿ ಚಿಗುರುತ್ತದೆ ಎಂಬುದನ್ನು ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ ಮನಶ್ಶಾಸ್ತ್ರಜ್ಞ ಹೆನ್ರಿ ತಾಜ್‌ಫೆಲ್ 1970ರ ಸುಮಾರಿಗೆ ಪ್ರಯೋಗದ ಮೂಲಕವೇ ಕಂಡುಕೊಂಡರು. ಶಾಲಾ ಬಾಲಕರಿಗೆ ಪರದೆಯ ಮೇಲೆ ಮೂಡುವ ಚುಕ್ಕೆಗಳು ಎಷ್ಟಿವೆಯೆಂದು ಊಹಿಸಲು ಹೇಳಿ, ಊಹೆಯ ಆಧಾರದ ಮೇಲೆ ಅವರನ್ನು ಎರಡು ಗುಂಪು ಮಾಡಿರುವುದಾಗಿ ತಿಳಿಸಲಾಯಿತು. ವಾಸ್ತವದಲ್ಲಿ ಆ ವಿಂಗಡಣೆಗೆ ಯಾವ ಆಧಾರವೂ ಇರಲಿಲ್ಲ. ತನ್ನ ಗುಂಪಿನಲ್ಲಿ ಯಾರಿದ್ದಾರೆಂದು ಯಾವ ಹುಡುಗನಿಗೂ ಗೊತ್ತಿರಲಿಲ್ಲ. ಆದರೂ ಹಣ ಹಂಚಲು ಹೇಳಿದಾಗ ಅವರು ತಮ್ಮ ಗುಂಪಿನತ್ತ ವಾಲಿದರು. ಅದಕ್ಕಿಂತ ಆತಂಕದ ಸಂಗತಿ ಇನ್ನೊಂದಿದೆ: ತಮ್ಮವರಿಗೆ ಹೆಚ್ಚು ಹಣ ಸಿಗುವ ಆಯ್ಕೆ ಕಣ್ಣೆದುರಿಗೇ ಇದ್ದರೂ ಹಲವರು ಅದನ್ನು ಬಿಟ್ಟು, ತಮ್ಮವರಿಗೆ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ, ಎದುರಿನವರಿಗಿಂತ ಅಂತರ ದೊಡ್ಡದಿರಲಿ ಎಂಬ ಆಯ್ಕೆಯತ್ತ ಒಲಿದರು. ಎಲ್ಲರಿಗೂ ಲಾಭ ತರುವ ಮಸೂದೆಯೊಂದನ್ನು ಅದರ ಶ್ರೇಯಸ್ಸು ಎದುರು ಪಕ್ಷಕ್ಕೆ ಹೋಗುತ್ತದೆಂಬ ಒಂದೇ ಕಾರಣಕ್ಕೆ ಸಂಸತ್ತಿನಲ್ಲಿ ತಡೆಹಿಡಿಯುವಾಗ ಕೆಲಸ ಮಾಡುವ ಲೆಕ್ಕಾಚಾರವೂ ಇದೇ ಬಗೆಯದು.

ಇಂಥ ಧ್ರುವೀಕರಣ ಸಮಾಜಕ್ಕೆ ಮಾಡುವ ಹಾನಿಯ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಬೀದಿ ಜಗಳ, ಮುರಿದ ಸ್ನೇಹ, ಕೆಟ್ಟ ಭಾಷೆಗಳನ್ನು ಎಣಿಸುತ್ತೇವೆ. ನನಗೆ ಇವೆಲ್ಲಕ್ಕಿಂತ ಗಂಭೀರವಾಗಿ ಕಾಣುವ, ಆದರೆ ಸುಲಭಕ್ಕೆ ಕಣ್ಣಿಗೆ ಬೀಳದ ಹಾನಿಯೆಂದರೆ ಅದು ಆರ್ಥಿಕ ನೀತಿಗಳ ಆಯುಷ್ಯವನ್ನು ಮೊಟಕುಗೊಳಿಸುವುದು. ಹೊಸ ತಂತ್ರಜ್ಞಾನ ಪ್ರಯೋಗಾಲಯದಿಂದ ಜನಬಳಕೆಗೆ ಬರಲು ದಶಕಗಳೇ ಹಿಡಿಯುತ್ತವೆ. ಸಿಲಿಕಾನ್ ಸೌರಕೋಶವನ್ನು ಬೆಲ್ ಪ್ರಯೋಗಾಲಯ ಪ್ರದರ್ಶಿಸಿದ್ದು 1954ರಲ್ಲಿ. ಅದರಿಂದ ಬರುವ ವಿದ್ಯುತ್ತು ಕಲ್ಲಿದ್ದಲಿನ ವಿದ್ಯುತ್ತಿಗೆ ಬೆಲೆಯಲ್ಲಿ ಪೈಪೋಟಿ ಕೊಡಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಅಷ್ಟು ದೀರ್ಘ ಪಯಣಕ್ಕೆ ದಾರಿ ಮಾಡಿಕೊಡಬೇಕಾದ ನೀತಿ ಪ್ರತಿ ಚುನಾವಣೆಗೂ ಬದಲಾಗುವುದಾದರೆ ಏನಾಗುತ್ತದೆ?

ಅಮೆರಿಕದ ಪವನ ವಿದ್ಯುತ್ ಉದ್ಯಮ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ. ಗಾಳಿಯಿಂದ ಉತ್ಪಾದಿಸಿದ ಪ್ರತಿ ಯೂನಿಟ್‌ಗೆ ಮೊದಲ 10 ವರ್ಷ ತೆರಿಗೆ ರಿಯಾಯಿತಿ ನೀಡುವ ಕಾನೂನು ಅಲ್ಲಿ 1992ರಲ್ಲಿ ಬಂತು. ಆದರೆ ಹೊಸ ಯೋಜನೆಗಳಿಗೆ ಆ ಸೌಲಭ್ಯ ಪಡೆಯುವ ಅವಧಿ ಸೀಮಿತವಾಗಿತ್ತು. ಗಡುವು ಮುಗಿದಾಗಲೆಲ್ಲ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಅದನ್ನು ಮತ್ತೆ ವಿಸ್ತರಿಸಬೇಕಿತ್ತು. 1999, 2001 ಮತ್ತು 2003ರಲ್ಲಿ ವಿಸ್ತರಣೆ ಸಕಾಲಕ್ಕೆ ಆಗಲಿಲ್ಲ. ಅದರ ಫಲವಾಗಿ ಹೊಸದಾಗಿ ಸ್ಥಾಪನೆಯಾದ ಪವನ ವಿದ್ಯುತ್ ಸಾಮರ್ಥ್ಯ ಹಿಂದಿನ ವರ್ಷಕ್ಕೆ ಹೋಲಿಸಿದರೆ 2000ದಲ್ಲಿ ಶೇ. 93, 2002ರಲ್ಲಿ ಶೇ. 73 ಮತ್ತು 2004ರಲ್ಲಿ ಶೇ. 77ರಷ್ಟು ಕುಸಿಯಿತು. ಆ ವರ್ಷಗಳಲ್ಲಿ ಗಾಳಿ ಬೀಸುವುದೇನೂ ನಿಂತಿರಲಿಲ್ಲ, ತಂತ್ರಜ್ಞಾನವೂ ಹಿಂದಕ್ಕೆ ಹೋಗಿರಲಿಲ್ಲ.

ಈ ಕುಸಿತ ನೆಲದ ಮೇಲೆ ಹೇಗೆ ಕಾಣುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗಾಳಿ ವಿದ್ಯುತ್ ಸ್ಥಾವರ ಕಟ್ಟುವವರು ಮೊದಲು ಎತ್ತರದ ಕಂಬ ನೆಟ್ಟು ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ ಗಾಳಿಯ ವೇಗವನ್ನು ಅಳೆಯುತ್ತಾರೆ. ಜಮೀನಿನ ಮಾಲೀಕರೊಂದಿಗೆ ಗುತ್ತಿಗೆ ಒಪ್ಪಂದ ಮಾಡಿಕೊಂಡು, ಪರಿಸರ ಅನುಮತಿ ಪಡೆದು, ವಿದ್ಯುತ್ ಜಾಲಕ್ಕೆ ಸಂಪರ್ಕ ಕೇಳಿ, ಬ್ಯಾಂಕಿನಿಂದ ಸಾಲ ಹೊಂದಿಸಿ, ಆಮೇಲೆ ಟರ್ಬೈನುಗಳಿಗೆ ಬೇಡಿಕೆ ಸಲ್ಲಿಸುತ್ತಾರೆ. ಅತ್ತ ಕಾರ್ಖಾನೆಯಲ್ಲಿ ರೆಕ್ಕೆಯೊಂದು ತಯಾರಾಗುವುದು ಬಹುಮಟ್ಟಿಗೆ ಕೈಕೆಲಸದಿಂದಲೇ: ಹತ್ತಾರು ಮೀಟರ್ ಉದ್ದದ ಅಚ್ಚಿನೊಳಗೆ ಗಾಜಿನ ನಾರಿನ ಹಾಳೆಗಳನ್ನು ಸುಕ್ಕು ಬೀಳದಂತೆ ಪದರ ಪದರವಾಗಿ ಹಾಸಿ, ರಾಳವನ್ನು ಹರಿಸಿ, ಅದು ಗಟ್ಟಿಯಾಗುವವರೆಗೆ ಕಾಯಬೇಕು. ಒಂದು ಸುಕ್ಕು ಉಳಿದರೂ ರೆಕ್ಕೆ ಅಲ್ಲಿಂದಲೇ ಬಿರುಕು ಬಿಡಬಹುದು. ಈ ಕೈಚಳಕ ಕೆಲಸ ಮಾಡುತ್ತ ಮಾಡುತ್ತಲೇ ಬರುವಂಥದ್ದು. ರಿಯಾಯಿತಿ ಸಿಗುವುದೋ ಇಲ್ಲವೋ ಎಂದು ತಿಳಿಯದೆ ಬೇಡಿಕೆ ನಿಂತಾಗ ಕಾರ್ಖಾನೆ ಆ ನುರಿತ ಕೆಲಸಗಾರರನ್ನು ಮನೆಗೆ ಕಳಿಸುತ್ತದೆ. ಮರುವರ್ಷ ರಿಯಾಯಿತಿ ಮರಳಿ ಬಂದರೂ ಅವರೆಲ್ಲ ಮರಳಿ ಬರುವುದಿಲ್ಲ. ಮತ್ತೆ ಹೊಸಬರಿಗೆ ಮೊದಲಿನಿಂದ ಕಲಿಸಬೇಕು. ಉತ್ಪಾದನೆ ಹೆಚ್ಚಿದಷ್ಟೂ ವೆಚ್ಚ ಇಳಿಯುವುದು ಬಹುತೇಕ ತಂತ್ರಜ್ಞಾನಗಳ ಗುಣ. ಆ ಇಳಿಕೆಯ ಹಿಂದಿರುವುದು ಇಂಥ ಸಾವಿರಾರು ಕೈಗಳಲ್ಲಿ ಶೇಖರವಾದ ಅನುಭವ. ಅನಿಶ್ಚಿತತೆ ಮೊದಲು ಚದುರಿಸುವುದು ಅದನ್ನೇ.

ಬಂಡವಾಳ ಹೂಡುವವರು ಹಿಂಜರಿಯುವುದು ಹೇಡಿತನದಿಂದಲ್ಲ ಎಂಬುದನ್ನು ಅರ್ಥಶಾಸ್ತ್ರಜ್ಞ ಬೆನ್ ಬರ್ನಾಂಕೆ 1983ರ ಲೇಖನವೊಂದರಲ್ಲಿ ಗಣಿತದ ಮೂಲಕ ವಿವರಿಸಿದ್ದರು. ಒಮ್ಮೆ ಹೂಡಿದರೆ ಹಿಂತೆಗೆಯಲಾಗದ ಹಣದ ವಿಷಯದಲ್ಲಿ ಕಾಯುವುದರಲ್ಲೂ ಒಂದು ಲಾಭವಿದೆ: ಇಂದು ಸುಮ್ಮನಿದ್ದರೆ ನಾಳೆ ಹೆಚ್ಚಿನ ಮಾಹಿತಿ ಸಿಗುತ್ತದೆ. ಆದ್ದರಿಂದ ಮುಂದೆ ಬರುವ ನೀತಿ ಒಳ್ಳೆಯದೇ ಆಗಿರಲಿ ಕೆಟ್ಟದ್ದೇ ಆಗಿರಲಿ, ಯಾವುದು ಬರುತ್ತದೆಂದು ಗೊತ್ತಿಲ್ಲದಿರುವುದೇ ಹೂಡಿಕೆಯನ್ನು ತಡೆಯಲು ಸಾಕು. ಬರ್ನಾಂಕೆ ಮುಂದೆ ಅಮೆರಿಕದ ಕೇಂದ್ರ ಬ್ಯಾಂಕಿನ ಅಧ್ಯಕ್ಷರಾದರು.

ಅಮೆರಿಕದ ಕಥೆ ಅಲ್ಲಿಗೆ ಮುಗಿಯಲಿಲ್ಲ. 2022ರಲ್ಲಿ ಶುದ್ಧ ಇಂಧನಕ್ಕೆ ದೀರ್ಘಾವಧಿ ತೆರಿಗೆ ರಿಯಾಯಿತಿ ಕೊಡುವ ದೊಡ್ಡ ಕಾನೂನು ಬಂತು. ಅದಕ್ಕೆ ರಿಪಬ್ಲಿಕನ್ ಪಕ್ಷದ ಒಂದೂ ಮತ ಬೀಳಲಿಲ್ಲ. ಅಧಿಕಾರ ಬದಲಾದ ಮೇಲೆ 2025ರಲ್ಲಿ ಡೆಮಾಕ್ರಟಿಕ್ ಪಕ್ಷದ ಒಂದೂ ಮತವಿಲ್ಲದೆ ಬಂದ ಮತ್ತೊಂದು ಕಾನೂನು ಗಾಳಿ ಮತ್ತು ಸೌರ ವಿದ್ಯುತ್ತಿನ ರಿಯಾಯಿತಿಯ ಅವಧಿಯನ್ನು ಬಹಳವಾಗಿ ಕಡಿತಗೊಳಿಸಿತು. ಈ ರಿಯಾಯಿತಿಗಳು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆಯೇ ಇದೆ, ಅದರಲ್ಲಿ ಎರಡೂ ಕಡೆ ವಿಚಾರವಂತರಿದ್ದಾರೆ. ಒಂದೇ ಪಕ್ಷದ ಮತದಿಂದ ಹುಟ್ಟಿದ ಕಾನೂನಿನ ಆಯುಷ್ಯ ಆ ಪಕ್ಷದ ಅಧಿಕಾರಾವಧಿಗಿಂತ ಹೆಚ್ಚಿರುವ ಭರವಸೆಯಿಲ್ಲ ಎಂಬುದಂತೂ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಡೆನ್ಮಾರ್ಕ್ ಬೇರೆ ದಾರಿ ಹಿಡಿಯಿತು. ಅಲ್ಲಿ ಸಾಮಾನ್ಯವಾಗಿ ಯಾವ ಸರ್ಕಾರಕ್ಕೂ ಸ್ವಂತ ಬಹುಮತ ಇರುವುದಿಲ್ಲ. ಆದ್ದರಿಂದ ಮುಖ್ಯ ವಿಷಯಗಳಲ್ಲಿ ಆಡಳಿತ ಮತ್ತು ವಿರೋಧ ಪಕ್ಷಗಳು ಸೇರಿ ಒಪ್ಪಂದ ಮಾಡಿಕೊಳ್ಳುತ್ತವೆ. ಒಪ್ಪಂದದಲ್ಲಿ ಸೇರಿದ ಪಕ್ಷಗಳೆಲ್ಲ ಸಮ್ಮತಿಸದೆ ಅವಧಿ ಮುಗಿಯುವ ಮುನ್ನ ಅದನ್ನು ಬದಲಿಸಬಾರದೆಂಬುದು ಬಲವಾದ ಸಂಪ್ರದಾಯ. 2012ರ ಇಂಧನ ಒಪ್ಪಂದಕ್ಕೆ ಅಲ್ಲಿನ ಸಂಸತ್ತಿನ ಬಹುತೇಕ ಎಲ್ಲ ಪಕ್ಷಗಳೂ ಸಹಿ ಹಾಕಿದವು ಮತ್ತು ಅದು 2020ರವರೆಗಿನ ಹಾದಿಯನ್ನು ನಿಗದಿಪಡಿಸಿತು. 1991ರಲ್ಲಿ ವಿಂಡೆಬಿಯ ಬಳಿ 11 ಟರ್ಬೈನುಗಳ ಮೊದಲ ಕಡಲ ಪವನ ಸ್ಥಾವರ ಕಟ್ಟಿದ ಆ ಪುಟ್ಟ ದೇಶ ಇಂದು ತನ್ನ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಗಾಳಿಯಿಂದ ಪಡೆಯುತ್ತಿದೆ. ಹಾಗೆಂದು ದೀರ್ಘಾವಧಿಯ ಭರವಸೆ ಕೊಟ್ಟುಬಿಟ್ಟರೆ ಸಾಕೆಂದಲ್ಲ. 2007ರಲ್ಲಿ ಸ್ಪೇನ್ ಸೌರ ವಿದ್ಯುತ್ತಿಗೆ ಅತಿ ಉದಾರವಾದ ದರ ಘೋಷಿಸಿ, ಅದರ ಹೊರೆ ತಾಳಲಾರದೆ ಮುಂದಿನ ವರ್ಷಗಳಲ್ಲಿ ಕೊಟ್ಟ ಮಾತನ್ನು ಹಿಂತೆಗೆದುಕೊಂಡು, ಹೂಡಿಕೆದಾರರೊಂದಿಗೆ ಅಂತರರಾಷ್ಟ್ರೀಯ ವ್ಯಾಜ್ಯಗಳಲ್ಲಿ ಸಿಲುಕಿತು. ಬಾಳಿಕೆ ಬರುವ ನೀತಿ ಖಜಾನೆಯ ಅಳತೆಯಲ್ಲಿಯೂ ಇರಬೇಕು.

ಇಲ್ಲಿಯವರೆಗೆ ಹೇಳಿದ್ದು ಧ್ರುವೀಕರಣದಿಂದ ಆವಿಷ್ಕಾರಕ್ಕೆ ಬೀಳುವ ಪೆಟ್ಟಿನ ಮಾತು. ಪೆಟ್ಟು ಎದುರು ದಿಕ್ಕಿನಲ್ಲಿಯೂ ಬೀಳುತ್ತದೆ. 2025ರ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರವನ್ನು ಜೋಯೆಲ್ ಮೋಕಿರ್ ಜೊತೆ ಹಂಚಿಕೊಂಡ ಫಿಲಿಪ್ ಅಘಿಯಾನ್ ಮತ್ತು ಪೀಟರ್ ಹೋವಿಟ್ ಅವರ ಸಿದ್ಧಾಂತ ಹೇಳುವಂತೆ, ಹೊಸ ಉತ್ಪನ್ನ ಬಂದಾಗ ಹಳೆಯದನ್ನು ನಂಬಿದ ಸಂಸ್ಥೆ ಮತ್ತು ಉದ್ಯೋಗಗಳು ಅಳಿಯುತ್ತವೆ. ಬೆಳವಣಿಗೆ ನಡೆಯುವುದೇ ಆ ಅಳಿವಿನ ಮೂಲಕ. ಲಾಭ ದೇಶದುದ್ದಕ್ಕೂ ತೆಳುವಾಗಿ ಹರಡಿದರೆ ನಷ್ಟ ಕೆಲವೇ ಪ್ರದೇಶಗಳ ಮೇಲೆ ಒಮ್ಮೆಲೇ ಎರಗುತ್ತದೆ. ಡ್ಯಾರನ್ ಅಸೆಮೊಗ್ಲು ಮತ್ತು ಪಾಸ್ಕ್ವಾಲ್ ರೆಸ್ಟ್ರೆಪೊ ಅಮೆರಿಕದ ಕಾರ್ಖಾನೆಗಳಿಗೆ ಬಂದ ರೋಬೋಟುಗಳ ಪರಿಣಾಮವನ್ನು ಅಳೆದಾಗ, ಅವು ಹೆಚ್ಚಾಗಿ ಬಂದ ಪ್ರದೇಶಗಳಲ್ಲಿ ಉದ್ಯೋಗವೂ ಕೂಲಿಯೂ ಇಳಿದಿದ್ದವು. ವಿದೇಶಿ ಆಮದು ಕೊಡುವ ಪೆಟ್ಟೂ ಇದೇ ಬಗೆಯದು. 2001ರಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಯನ್ನು ಸೇರಿದ ನಂತರ ಅಮೆರಿಕಕ್ಕೆ ಬಂದ ಆಮದಿನ ಪರಿಣಾಮವನ್ನು ಡೇವಿಡ್ ಆಟರ್, ಡೇವಿಡ್ ಡಾರ್ನ್ ಮತ್ತು ಗಾರ್ಡನ್ ಹ್ಯಾನ್ಸನ್ ಪ್ರದೇಶವಾರು ಅಧ್ಯಯನ ಮಾಡಿದರು. ಪೀಠೋಪಕರಣ, ಆಟಿಕೆ, ಬಟ್ಟೆ ತಯಾರಿಸುತ್ತಿದ್ದ ಊರುಗಳ ಜನ ಕೆಲಸ ಹೋದ ಮೇಲೂ, ಪಠ್ಯಪುಸ್ತಕಗಳ ಊಹೆಗೆ ವಿರುದ್ಧವಾಗಿ, ಬೇರೆಡೆಗೆ ವಲಸೆ ಹೋಗಿರಲಿಲ್ಲ. ಅವರ ಮುಂದಿನ ಅಧ್ಯಯನದಲ್ಲಿ ಅಂಥ ಕ್ಷೇತ್ರಗಳ ಮತದಾರರು ಮಧ್ಯಮ ನಿಲುವಿನ ಪ್ರತಿನಿಧಿಗಳನ್ನು ಕೈಬಿಟ್ಟು ಎರಡೂ ತುದಿಗಳತ್ತ ಸರಿದದ್ದು ಕಂಡುಬಂತು: ಬಿಳಿಯರು ಹೆಚ್ಚಿರುವ ಕ್ಷೇತ್ರಗಳು ಬಲಕ್ಕೆ, ಅಲ್ಪಸಂಖ್ಯಾತರು ಹೆಚ್ಚಿರುವ ಕ್ಷೇತ್ರಗಳು ಎಡಕ್ಕೆ. ಹೀಗೆ ತುದಿಗಳಿಂದ ಆಯ್ಕೆಯಾದವರು ಸಂಸತ್ತಿಗೆ ಹೋದಾಗ ಮುಂದಿನ ನೀತಿಗೆ ಸಿಗುವ ಆಯುಷ್ಯ ಇನ್ನಷ್ಟು ಕಡಿಮೆಯಾಗುತ್ತದೆ.

ಧ್ರುವೀಕರಣಕ್ಕೆಲ್ಲ ಸಾಮಾಜಿಕ ಮಾಧ್ಯಮವೇ ಕಾರಣ ಎಂಬ ವಿವರಣೆ ಇಂದು ಎಲ್ಲೆಡೆ ಕೇಳುತ್ತದೆ. ಅದರಲ್ಲಿ ಸತ್ಯಾಂಶವಿದೆ, ಆದರೆ ಅದೇ ಪೂರ್ತಿ ಕಾರಣವಲ್ಲ. ಲೆವಿ ಬಾಕ್ಸೆಲ್, ಮ್ಯಾಥ್ಯೂ ಜೆಂಟ್ಸ್‌ಕೋ ಮತ್ತು ಜೆಸ್ಸಿ ಶಪೀರೊ 12 ಶ್ರೀಮಂತ ದೇಶಗಳ ಸುಮಾರು ನಾಲ್ಕು ದಶಕಗಳ ಸಮೀಕ್ಷೆಗಳನ್ನು ಹೋಲಿಸಿದಾಗ ಅಮೆರಿಕದಲ್ಲಿ ಪಕ್ಷಗಳ ನಡುವಿನ ಅಸಹನೆ ಎಲ್ಲಕ್ಕಿಂತ ವೇಗವಾಗಿ ಏರಿತ್ತು. ಜರ್ಮನಿ, ಸ್ವೀಡನ್‌ಗಳಲ್ಲಿ ಅದು ಇಳಿದಿತ್ತು. ಅಂತರ್ಜಾಲ ಆ ದೇಶಗಳಿಗೂ ಅಷ್ಟೇ ವ್ಯಾಪಕವಾಗಿ ತಲುಪಿದೆ. ತಂತ್ರಜ್ಞಾನ ಒಂದೇ ಆದರೂ ಫಲ ಬೇರೆಯಾಗಿದ್ದರೆ ನಾವು ಚುನಾವಣಾ ಪದ್ಧತಿ, ಪಕ್ಷಗಳ ರಚನೆ, ಕೆಲಸ ಕಳೆದುಕೊಂಡವರಿಗೆ ಸಿಗುವ ಆಸರೆ ಇವುಗಳತ್ತ ನೋಡಬೇಕಾಗುತ್ತದೆ. ಡೆನ್ಮಾರ್ಕಿನಲ್ಲಿ ಸಂಸ್ಥೆಗಳು ನೌಕರರನ್ನು ತೆಗೆಯುವುದು ಸುಲಭ; ಜೊತೆಗೆ ತೆಗೆಯಲ್ಪಟ್ಟವರಿಗೆ ನಿರುದ್ಯೋಗ ಭತ್ಯೆಯೂ ಹೊಸ ಕೆಲಸದ ತರಬೇತಿಯೂ ಸಿಗುತ್ತವೆ. ಅಮೆರಿಕದಲ್ಲಿ ವ್ಯಾಪಾರದಿಂದ ಕೆಲಸ ಕಳೆದುಕೊಂಡವರಿಗೆ ನೆರವು ನೀಡುವ ಯೋಜನೆ 1962ರಲ್ಲೇ ಆರಂಭವಾಗಿದ್ದರೂ ನಷ್ಟದ ಗಾತ್ರದ ಮುಂದೆ ಅದು ತೀರ ಚಿಕ್ಕದಾಗಿತ್ತು.

ಲಾಭದಲ್ಲಿ ಪಾಲು ಕೊಡುವುದು ಮತ್ತು ಆಕ್ಷೇಪಕ್ಕೆ ಕಿವಿಗೊಡುವುದು ಒಂದೇ ಯೋಜನೆಯಲ್ಲಿ ಹೇಗೆ ಸೇರಬಹುದು ಎಂಬುದಕ್ಕೆ ಕೋಪನ್‌ಹೇಗನ್ ಬಂದರಿನಾಚೆಯ ಮಿಡ್ಡೆಲ್‌ಗ್ರುಂಡನ್ ಪವನ ಸ್ಥಾವರವನ್ನು ನೋಡಬಹುದು. ಮೂರು ಸಾಲುಗಳಲ್ಲಿ 27 ಟರ್ಬೈನು ನಿಲ್ಲಿಸುವುದು ಮೂಲ ಯೋಜನೆಯಾಗಿತ್ತು. ನಗರದಿಂದ ಕಾಣುವ ಕಡಲ ನೋಟ ಕೆಡುತ್ತದೆಂದು ಸಾರ್ವಜನಿಕ ವಿಚಾರಣೆಯಲ್ಲಿ ವಿರೋಧ ಬಂದ ಮೇಲೆ ಅದನ್ನು ಬದಲಿಸಿ, 2000ದಲ್ಲಿ 20 ಟರ್ಬೈನುಗಳನ್ನು ಒಂದೇ ಬಾಗಿದ ಸಾಲಿನಲ್ಲಿ ಕಟ್ಟಲಾಯಿತು. ಅವುಗಳಲ್ಲಿ 10 ಟರ್ಬೈನುಗಳ ಒಡೆತನ ಷೇರು ಕೊಂಡ 8,000ಕ್ಕೂ ಹೆಚ್ಚು ಜನರ ಸಹಕಾರ ಸಂಘಕ್ಕೆ ಸೇರಿತು. 2008ರಲ್ಲಿ ಬಂದ ಕಾನೂನು ಇನ್ನೂ ಮುಂದೆ ಹೋಗಿ, ಹೊಸ ಪವನ ಯೋಜನೆ ಕಟ್ಟುವವರು ಶೇ. 20ರಷ್ಟು ಪಾಲನ್ನು ಸ್ಥಳೀಯ ನಿವಾಸಿಗಳಿಗೆ ಕೊಳ್ಳಲು ಮುಕ್ತವಾಗಿಡಬೇಕೆಂದು ವಿಧಿಸಿತು.