0.9 ಅಂದರೆ ತೊಂಬತ್ತು ಪರ್ಸೆಂಟ್ ಅಲ್ಲ

ಬೇಕಲ ಕೋಟೆಯ ಬುರುಜಿನ ಹತ್ತಿರ ಸಂಜೆ ಆರಕ್ಕೆ ಟ್ರೈಪಾಡ್ ಊರಿದವರ ಪಾಡೆಲ್ಲ ಒಂದೇ. ಆಕಾಶದ ಬಣ್ಣ ಹಿಡಿದರೆ ಕೋಟೆಯ ಮುರಕಲ್ಲು ಮಸಿ. ಮುರಕಲ್ಲಿನ ಕೆಂಪು ಹಿಡಿದರೆ ಆಕಾಶ ಸುಣ್ಣ ಬಳಿದ ಗೋಡೆ. ಮೇಲರ್ಧ ಕಪ್ಪು, ಕೆಳಗರ್ಧ ತಿಳಿಯಾಗಿರುವ ಗ್ರಾಜುಯೇಟೆಡ್ ಎನ್‌ಡಿ (ನ್ಯೂಟ್ರಲ್ ಡೆನ್ಸಿಟಿ, ಅಂದರೆ ಬಣ್ಣ ಕೆಡಿಸದೆ ಬೆಳಕು ತಗ್ಗಿಸುವ) ಫಿಲ್ಟರನ್ನು ಲೆನ್ಸಿನ ಮುಂದೆ ಇಡುವುದು ಈ ಜಗಳ ಬಿಡಿಸುವುದಕ್ಕೆ.

ಅದರ ಮೇಲೆ 0.3, 0.6, 0.9 ಅಂತ ಬರೆದಿರುತ್ತದೆ. ನಾನು ಕೊಂಡ ಅಂಗಡಿಯವರು, "0.9 ಅಂದ್ರೆ ತೊಂಬತ್ತು ಪರ್ಸೆಂಟ್ ಬೆಳಕು ತಡೀತದೆ ಸಾರ್" ಎಂದರು. ಅಷ್ಟು ಬೇಡಪ್ಪ, ಮೂವತ್ತು ಸಾಕು ಅಂತ 0.3 ತಂದೆ. ಆಕಾಶ ಬೆಳ್ಳಗೇ ಉಳಿಯಿತು. ಮಜಾ ಏನೆಂದರೆ 0.9 ನಿಜಕ್ಕೂ 87.5 ಶೇಕಡ ತಡೆಯುತ್ತದೆ, ಹಾಗಾಗಿ ಅಂಗಡಿಯವರ ಲೆಕ್ಕ ಅಲ್ಲಿ ಸಿಕ್ಕಿಬೀಳುವುದಿಲ್ಲ. ಸಿಕ್ಕಿಬೀಳುವುದು 0.3ರಲ್ಲಿ: ಅದು ತಡೆಯುವುದು ಐವತ್ತು.

ಆ ಅಂಕೆ, ಬೆಳಕು ಎಷ್ಟು ಪಟ್ಟು ತಗ್ಗಿತೆಂಬುದರ ಲಾಗರಿದಮ್. 2ರ ಲಾಗ್ 0.301. ಬೆಳಕು ಒಮ್ಮೆ ಅರ್ಧವಾದರೆ 0.3, ಅರ್ಧದ ಅರ್ಧ 0.6, ಅದರರ್ಧ 0.9, ಅಂದರೆ ಎಂಟರಲ್ಲೊಂದು ಪಾಲು. ಒಂದೊಂದು ಅರ್ಧಕ್ಕೂ ಫೋಟೋದವರ ಮಾತಿನಲ್ಲಿ ಒಂದು ಸ್ಟಾಪ್. ಒಂದು ಲೋಟ ಮಜ್ಜಿಗೆಗೆ ಒಂದು ಲೋಟ ನೀರು ಬೆರೆಸಿ. ಅದರಲ್ಲೊಂದು ಲೋಟ ತೆಗೆದು ಮತ್ತೆ ಅಷ್ಟೇ ನೀರು ಹಾಕಿ. ಇನ್ನೊಮ್ಮೆ ಹಾಗೇ ಮಾಡಿ. ಮೂರೇ ಸಲಕ್ಕೆ ಮಜ್ಜಿಗೆ ಹೆಸರಿಗಷ್ಟೇ. ಇಲ್ಲವೇ ಭಾಗವತರ ಪದ ಕೇಳಿ: ಮಂದ್ರ ಷಡ್ಜದಿಂದ ಮಧ್ಯಕ್ಕೆ, ಮಧ್ಯದಿಂದ ತಾರಕ್ಕೆ, ಕಿವಿಗೆ ಎರಡೂ ಸಮ ಎತ್ತರದ ಮೆಟ್ಟಿಲು. ಕಂಪನ ಮಾತ್ರ ಪ್ರತಿ ಸಲ ಇಮ್ಮಡಿ. ಕಣ್ಣೂ ಸುಮಾರು ಹೀಗೇ. ಹದಿನಾರು ಪಟ್ಟು ಬೆಳಕನ್ನು "ಸ್ವಲ್ಪ ಜಾಸ್ತಿ" ಅಂದುಬಿಡುತ್ತದೆ. ಕ್ಯಾಮರಾದೊಳಗೆ ಬೆಳಕು ಹಿಡಿಯುವ ಸೆನ್ಸರ್‌ಗೆ ಆ ದಾಕ್ಷಿಣ್ಯವಿಲ್ಲ. ಬಿದ್ದಷ್ಟೂ ಎಣಿಸಿಕೊಳ್ಳುತ್ತದೆ, ಕೊಡ ತುಂಬಿದ ಮೇಲೆ ಎಲ್ಲ ಬಿಳಿ.

ಈ ಲಾಗ್ ಲೆಕ್ಕವನ್ನು ಛಾಯಾಗ್ರಹಣಕ್ಕೆ ತಂದವರು ಹರ್ಟರ್ ಮತ್ತು ಡ್ರಿಫೀಲ್ಡ್. ಇಬ್ಬರಿಗೂ ಹೊಟ್ಟೆಪಾಡು ಇಂಗ್ಲೆಂಡಿನ ಕ್ಷಾರದ ಕಾರ್ಖಾನೆ. ಅವರ ಪ್ರಬಂಧ ಬಂದದ್ದು 1890ರಲ್ಲಿ. ಅದಕ್ಕೂ ಮೊದಲು, 1850ರ ದಶಕದಲ್ಲಿ, ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಒಂದೇ ಕಾಗದದ ಮೇಲೆ ಜೋಡಿಸಿದ್ದುಂಟು. ಆ ಕಾಲದ ಪ್ಲೇಟುಗಳು ನೀಲಿ ಬೆಳಕಿಗೆ ಬೇಗ ಸೋಲುತ್ತಿದ್ದವು, ಆಕಾಶ ಸುಟ್ಟುಹೋಗುತ್ತಿತ್ತು. ಹಲವು ಚಿತ್ರ ಬೆಸೆದು ಒಂದು ಮಾಡುವ ಮೊಬೈಲಿನ ಎಚ್‌ಡಿಆರ್ ಕಂಡು "ಇನ್ನು ಫಿಲ್ಟರ್ ಗಾಜು ಯಾಕೆ" ಅನ್ನುವವರಿಗೆ ಇದನ್ನು ಹೇಳಬೇಕು. ಬೇರೆ ಬೇರೆ ಚಿತ್ರ ಬೆಸೆಯುವುದು ಲ ಗ್ರೇ ಕಾಲದ್ದೇ ಯುಕ್ತಿ; ಒಂದೇ ಕ್ಲಿಕ್ಕಿನಲ್ಲಿ ಕಡಲು, ಆಕಾಶ ಎರಡೂ ಬರುವುದು ಗಾಜಿನಲ್ಲಿ.

ಯಾವುದು ಕೊಳ್ಳುವುದು? ಅಪರ್ಚರ್ (ಲೆನ್ಸಿನ ಕಿಂಡಿ), ಐಎಸ್‌ಒ (ಸೆನ್ಸರಿನ ಸೂಕ್ಷ್ಮತೆ) ಕದಲಿಸದೆ ಶಟರ್ ವೇಗ ಅಳೆಯಿರಿ. ಆಕಾಶಕ್ಕೆ 1/500 ಸೆಕೆಂಡ್, ಮುರಕಲ್ಲಿಗೆ 1/30 ಬಂತೆನ್ನಿ: 500, 250, 125, 60, 30, ನಾಲ್ಕು ಮೆಟ್ಟಿಲು, ಅಂದರೆ ನಾಲ್ಕು ಸ್ಟಾಪ್. ಒಂದು ಬಿಟ್ಟುಬಿಡಿ, ಆಕಾಶ ನೆಲಕ್ಕಿಂತ ತುಸು ಬೆಳಗಿದ್ದರೇ ಸಹಜ. ಉಳಿದದ್ದು ಮೂರು, ಅಂದರೆ 0.9. ಕಪ್ಪು ತಿಳಿಗೆ ತಿರುಗುವ ಅಂಚು ಸಾಫ್ಟ್ (ನಿಧಾನ ಮಾಸುವಂಥದ್ದು) ಇರಲಿ, ಹಾರ್ಡ್ (ಥಟ್ಟನೆ ಮುಗಿಯುವಂಥದ್ದು) ಬೇಡ. ಬರಿಯ ಕಡಲಿಗೆ ಹಾರ್ಡ್ ಚೆನ್ನ, ದಿಗಂತ ಗೆರೆ ಎಳೆದಂತಿರುತ್ತದೆ. ಆದರೆ ಬುರುಜು ಆ ಗೆರೆ ದಾಟಿ ಮೇಲೆದ್ದರೆ ಅದರ ತಲೆಗೂ ಮಸಿ. ಪೋಸಡಿ ಗುಂಪೆ ಬೆಟ್ಟದಿಂದ ಕಾಣುವ ಗುಡ್ಡಸಾಲಿಗೂ ಸಾಫ್ಟೇ ಸರಿ. ಸಾಫ್ಟ್‌ನ ಪೂರ್ತಿ ಕಪ್ಪು ಇರುವುದು ಮೇಲ್ಭಾಗದಲ್ಲಿ, ನಡುವಿಗೆ ಬರುತ್ತ ತೆಳ್ಳಗಾಗುತ್ತದೆ, ಅದಕ್ಕೇ 0.6 ಸಾಫ್ಟ್ ನಮ್ಮ ಕಡಲಿಗೆ ಸಾಲದು. ಲೆನ್ಸಿಗೆ ತಿರುಪುವ ದುಂಡು ಫಿಲ್ಟರ್ ಬೇಡವೇ ಬೇಡ. ಅದರ ಗೆರೆ ನಡುವಿನಲ್ಲೇ ಕೂತಿರುತ್ತದೆ, ದಿಗಂತವನ್ನೂ ಅಲ್ಲೇ ಕೂರಿಸಬೇಕಾಗುತ್ತದೆ. ಹೋಲ್ಡರಿನಲ್ಲಿ ಮೇಲೆ ಕೆಳಗೆ ಜಾರಿಸುವ ಚೌಕದ್ದು ತೆಗೆದುಕೊಳ್ಳಿ.

ನನ್ನ ಆ 0.3 ಈಗಲೂ ಇದೆ. 0.6ರ ಮುಂದೆ ಸಿಕ್ಕಿಸಿದರೆ ಅಂಕೆ ಕೂಡಿ 0.9 ಆಗುತ್ತದೆ, ಬೆಳಕು ಗುಣಿಸಿ ಎಂಟರಲ್ಲೊಂದಾಗುತ್ತದೆ. ಆದರೆ ಎರಡು ಗಾಜಿಗೆ ನಾಲ್ಕು ಮೈ. ಬೇಕಲದ ಉಪ್ಪುಗಾಳಿ ನಾಲ್ಕರ ಮೇಲೂ ಕೂರುತ್ತದೆ, ಒರೆಸಿ ಮುಗಿಸುವಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ.